ತಂತಿಹಾಳದ ಸಂಗವ್ವ

"ಮುಧೋಳ ಹೋತ್ರಿ," ಎಂದಿತು ಫೋನಿನೊಳಗಿನ ದನಿ.

ನಾನು ಈಗ ಕೂರುವುದು ಟೆಲಿಫೋನ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಮುಂದೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಕಿವಿಗೆ ಬೀಳುವುದು ಇಂಥ ಮಾತೇ. ಬೀಳಗಿ ಹೋಯಿತು, ಬನಹಟ್ಟಿ ಹೋಯಿತು, ಅರ್ಧ ಜಮಖಂಡಿಯೇ ಹೋಯಿತು. ಮಳೆ ಬಂದರೆ ಕೇಬಲ್ ಹೋಗುತ್ತದೆ, ಬಿಸಿಲು ಬಂದರೆ ಕರೆಂಟು ಹೋಗುತ್ತದೆ. ಹಾಗಾಗಿ ರೂಢಿಯ ಬೇಸರದಲ್ಲೇ ಪೆನ್ನು ತೆಗೆದು "ಯಾವಾಗಿಂದ್ರಿ?" ಎಂದು ಕೇಳಿದೆ. ಆ ಕಡೆಯವರು, "ನಸಕಿನ್ಯಾಗ ಜೀವ ಹೋತಂತ. ನಾನ್ರೀ, ಲೋಕಾಪುರ," ಅಂದರು.

ಹಿಂದೆ ಕೂತಿದ್ದ ಹುಡುಗಿಗೆ ನಾನು ಪೆನ್ನು ಕೆಳಗಿಟ್ಟದ್ದು ಯಾಕೆಂದು ತಿಳಿಯಲಿಲ್ಲ. ಅವಳಿಗೆ ತಿಳಿಸಿ ಹೇಳುವ ಶಕ್ತಿಯೂ ಆ ಹೊತ್ತಿಗೆ ನನ್ನಲ್ಲಿರಲಿಲ್ಲ.

ಈಗಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗುತ್ತದೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಹೇಳುತ್ತೇನೆ. ನಾನು ನೌಕರಿಗೆ ಸೇರಿದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ಫೋನಿಗೆ ನಂಬರು ತಿರುಗಿಸುವ ಚಕ್ರ ಇರಲಿಲ್ಲ, ಪಕ್ಕದಲ್ಲಿ ಒಂದು ಹಿಡಿಕೆ ಇತ್ತು. ಅದನ್ನು ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತ ನಮ್ಮಂಥ ಆಪರೇಟರು "ಹೇಳ್ರಿ" ಅನ್ನಬೇಕು. ಬೇರೆ ಊರಿಗೆ ಮಾತಾಡಬೇಕಿದ್ದರೆ ಟ್ರಂಕ್ ಕಾಲ್ ಬರೆಸಿ ಕಾಯಬೇಕು. ಜಮಖಂಡಿ, ಬೀಳಗಿ, ಲೋಕಾಪುರ, ಮುಧೋಳ, ಈ ನಾಲ್ಕೂ ಊರು ಜೋತುಬಿದ್ದದ್ದು ಒಂದೇ ತಂತಿಗೆ. ಒಬ್ಬರು ಮಾತಾಡಿದರೆ ಉಳಿದ ಮೂವರಿಗೂ ಕೇಳುತ್ತಿತ್ತು. ಯಾರಿಗೆ ಕರೆ ಎಂದು ಗುರುತಿಸಲು ಒಂದೊಂದು ಊರಿಗೆ ಒಂದೊಂದು ಬಗೆಯ ಗಂಟೆ.

ಆ ತಂತಿಯ ಮೇಲೆ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ನಾನು ಜಮಖಂಡಿ, ಅವರು ಮುಧೋಳ, ಅಷ್ಟೇ. "ಏನ್ರಿ ಮುಧೋಳ, ಆರಾಮೇನ್ರಿ?" "ಆರಾಮ್ರಿ ಜಮಖಂಡಿ, ನಿಮ್ಮ ನೆಗಡಿ ಹೋತೇನ್ರಿ?" ಹೀಗೆ ವರ್ಷಗಳು ಹೋದವು. ಮುಧೋಳದ ಆಪರೇಟರ ನಿಜವಾದ ಹೆಸರು ನನಗೆ ಗೊತ್ತಾದದ್ದು ಬಹಳ ತಡವಾಗಿ. ಗೊತ್ತಾದ ಮೇಲೂ ಅದು ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಇಲ್ಲಿಯೂ ಅವರು ಮುಧೋಳವಾಗಿಯೇ ಇರಲಿ.

ನಾನು ಕೆಲಸ ಕಲಿತದ್ದು ಅವರ ಹತ್ತಿರ. ನಮ್ಮ ಎಕ್ಸ್‌ಚೇಂಜಿನ ಸಾಹೇಬರು ನನ್ನ ಕಿವಿಗೆ ಹೆಡ್‌ಸೆಟ್ ಏರಿಸಿ, "ಕಲೀತೀ ಬಿಡು" ಎಂದು ಚಹಾ ಕುಡಿಯಲು ಹೋದವರು ಊಟದ ಹೊತ್ತಿಗೆ ಬಂದರು. ನಾನು ಗಾಬರಿಯಿಂದ ಪ್ರತಿ ಕರೆಗೂ ಕೂಗುತ್ತಿದ್ದೆ. ಆಗ ಮುಧೋಳದಿಂದ ದಪ್ಪನೆಯ, ನಿಧಾನದ ಒಂದು ದನಿ ಬಂತು: "ಜಮಖಂಡಿ, ನೀವು ಹಿಂಗ ಒದರೂದಾದ್ರ ತಂತಿ ಯಾಕ್ರಿ, ಮಾಳಿಗಿ ಮ್ಯಾಲ ನಿಂತ್ರ ಸಾಕು, ಇಲ್ಲೀತನಾ ಕೇಳಸ್ತೈತಿ." ನನಗೆ ಅಳು ಬಂತು. ಅದೂ ಅವರಿಗೆ ಗೊತ್ತಾಯಿತು. ಮತ್ತೆ ಅಂದರು: "ತಂತಿ ಕಿವುಡ ಅಲ್ಲರಿ. ಅವಸರದಾಗ ಇದ್ದಾಂವ ಕಿವುಡ. ಮೊದಲ ಕೇಳ್ರಿ, ಆಮ್ಯಾಲ ಮಾತಾಡ್ರಿ."

ಕೇಳುವುದನ್ನು ಅವರು ಕಲಿಸಿದ ರೀತಿ ಬೇರೆ ಎಲ್ಲಿಯೂ ಇರಲಿಲ್ಲ. ಮಧ್ಯಾಹ್ನ ದಲಾಲಿ ಅಂಗಡಿಗಳ ಬಾಗಿಲು ಅರ್ಧ ಇಳಿದಾಗ ತಂತಿ ಖಾಲಿ ಬೀಳುತ್ತಿತ್ತು. ನಾನು ಸೇರಿದ ಮೊದಲ ವಾರ ಅಂಥ ಒಂದು ಮಧ್ಯಾಹ್ನ ಅವರು, "ಜಮಖಂಡಿ, ಅಗಸಿ ತೆರೀತೇನ್ರಿ. ಇನ್ನ ನಾ ನಾನಲ್ಲ. ಸಂಭಾಳಸ್ರಿ," ಅಂದರು. ಅಗಸಿ ಎಂದರೆ ಊರ ಬಾಗಿಲು. ಯಾವ ಊರ ಬಾಗಿಲು ಎಂದು ಕೇಳುವ ಮೊದಲೇ ತಂತಿಯ ಮೇಲೆ ಒಬ್ಬ ಹೆಂಗಸು ಬಂದಳು.

ಹೆಂಗಸು ಎಂದರೆ ಅವರೇ. ಆದರೆ ನಾಟಕದವರ ಹಾಗೆ ಗಂಟಲು ಸಣ್ಣ ಮಾಡಿರಲಿಲ್ಲ. ಅದೇ ದಪ್ಪ ದನಿ. ಮಾತಿನ ನಡಿಗೆ ಮಾತ್ರ ಬೇರೆ. ಅರ್ಧಕ್ಕೆ ನಿಲ್ಲುವುದು, ಪಕ್ಕದ ಮನೆಯ ಸುದ್ದಿಗೆ ಹೊರಳುವುದು, ಉಸಿರೆಳೆದುಕೊಂಡು ಬಿಟ್ಟ ಮಾತಿಗೇ ಮರಳುವುದು. ನಾಲ್ಕು ಮಾತಾಗುವುದರಲ್ಲಿ ಆ ದನಿ ಗಂಡಸಿನದು ಎಂಬುದು ನನಗೆ ಮರೆತೇ ಹೋಯಿತು.

"ತಂತಿಹಾಳದಿಂದ ಸಂಗವ್ವ ಮಾತಾಡಾಕತ್ತೇನವಾ. ಸೋಲಾಪುರ ಗಿರಣಿಗೆ ಹಚ್ಚಿಕೊಡು."

"ಯಾರನ್ನ ಕರೀಬೇಕ್ರಿ?"

"ನಮ್ಮನಿಯವರ್ನ."

"ಅವರ ಹೆಸರು ಹೇಳ್ರಿ."

"ಏ ಯವ್ವಾ, ಗಂಡನ ಹೆಸರು ನಾ ಹೆಂಗ ಹೇಳ್ಲಿ? ನೀ ಹೇಳ್ತೀಯೇನು ನಿನ್ನ ಗಂಡಂದು?"

"ನನಗ ಲಗ್ನ ಆಗಿಲ್ಲರಿ."

"ಹಂಗಾದ್ರ ಬರೇ ಹೇಳಾಕ ಬರ್ತೈತಿ ನಿನಗ. ಜಮಖಂಡಿ ದಾಟಿ ವಿಜಾಪುರಕ್ಕ ಹೋಗೂಮುಂದ ಅಡ್ಡ ಹರೀತೈತಿ ನೋಡು, ಅದು ಅವರ ಹೆಸರು."

"ನೀರೇನ್ರಿ?"

ತಂತಿಯ ಮೇಲೆ ಮತ್ತೆ ಇಬ್ಬರು ನಕ್ಕದ್ದು ಕೇಳಿಸಿತು. ವಿಜಾಪುರಕ್ಕೆ ಹೋಗುವವರು ದಾಟುವ ಹೊಳೆ ಯಾವುದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೀಳಗಿಯ ಆಪರೇಟರ್ ಹುಡುಗ ತಡೆಯಲಾರದೆ, "ಕೃಷ್ಣಾ ಅಂತ ಬರಕೋರಿ, ಜಮಖಂಡಿ," ಅಂದ. ಸಂಗವ್ವ ಅವನನ್ನು ಬೈದಳು. ನಾನು ಕೃಷ್ಣಪ್ಪ ಎಂದು ಬರೆದುಕೊಂಡೆ. "ಅಗಸಿ ಹಾಕೀನ್ರಿ," ಅಂದರು ಮುಧೋಳ, ತಮ್ಮ ಮಾಮೂಲಿ ದನಿಯಲ್ಲಿ. "ನಾಳೆ ಖರೇನ ಒಬ್ಬ ಹೆಣಮಗಳು ಹಿಂಗ ಬರ್ತಾಳ. ಆಗ ನೀವು ಹೆಸರಿಗೆ ಕುಂದ್ರಬ್ಯಾಡ್ರಿ, ಹೊಳಿ ಕೇಳ್ರಿ, ದೇವರ ಕೇಳ್ರಿ, ಗಿಡ ಕೇಳ್ರಿ." ಅಂಥವರು ಬಂದರು, ಬರುತ್ತಲೇ ಇದ್ದರು. ನಾನೂ ಯಾರನ್ನೂ ಹೆಸರು ಹೇಳೆಂದು ಸತಾಯಿಸಲಿಲ್ಲ.

ಹೀಗೆ ತಂತಿಹಾಳ ಬೆಳೆಯಿತು. ಅದು ಯಾವ ನಕಾಶೆಯಲ್ಲಿಯೂ ಇಲ್ಲದ ಊರು, ಲೋಕಾಪುರ ದಾಟಿ ಎಲ್ಲಿಯೋ ಇದೆಯೆಂದು ನಮ್ಮ ನಾಲ್ವರ ಒಪ್ಪಂದ. ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಅಗಸಿ ತೆರೆಯುತ್ತಿತ್ತು, ಕರೆ ಬಂದ ಕೂಡಲೇ ಮುಚ್ಚುತ್ತಿತ್ತು. ಹೇಳದೆ ಒಳಗೆ ಬರುವಂತಿಲ್ಲ, ಹೇಳದೆ ಹೊರಗೆ ಹೋಗುವಂತಿಲ್ಲ. ಇನ್ನೊಂದು ಕಟ್ಟಳೆಯನ್ನೂ ಮುಧೋಳವೇ ಹಾಕಿದ್ದು. "ಅಲ್ಲಿ ಯಾರನ್ನೂ ಸಾಯಿಸೂ ಹಂಗಿಲ್ಲ. ಸಾವಿನ ಕಾಲ್ ನಮಗ ದಿನಾ ಖರೇನ ಬರ್ತಾವ," ಅಂದಿದ್ದರು.

ಬೀಳಗಿಯ ಹುಡುಗ ಬಹಳ ಅಂಜುಬುರುಕ. ಜವಾನನಿಗೂ ಇಲ್ಲ ಅನ್ನಲು ಬಾರದವನು. ತಂತಿಹಾಳದಲ್ಲಿ ಅವನು ಇನಾಮದಾರ. ಅವನು ಒಮ್ಮೆ ಕೆಮ್ಮಿದರೆ ಲೋಕಾಪುರ ನಡುಗಬೇಕು. ಲೋಕಾಪುರದವರು ಹೆಂಡತಿ ಮಕ್ಕಳಿದ್ದ ಗಂಭೀರ ಮನುಷ್ಯ, ಅಲ್ಲಿ ಮಾತ್ರ ಲಾರಿ ಏಜಂಟ. ಅವರ ಲಾರಿ ಯಾವತ್ತೂ ಊರು ಮುಟ್ಟುತ್ತಿರಲಿಲ್ಲ, ದಿನಕ್ಕೊಂದು ನೆವ ಹುಟ್ಟುತ್ತಿತ್ತು. ನನಗೆ ಮೊದಲು ನಾಚಿಕೆ. ಆಮೇಲೆ ನಾನು ಟಪಾಲ್ ಮಾಸ್ತರನಾದೆ. ಮನೆಯಲ್ಲಿ ಅಪ್ಪನ ಎದುರು ತಲೆ ಎತ್ತದ ನಾನು ಅಲ್ಲಿ ದನಿ ದಪ್ಪ ಮಾಡಿ ಇನಾಮದಾರನಿಗೇ ರೇಗುತ್ತಿದ್ದೆ. ಎಷ್ಟು ಸಲೀಸಾಗಿ ರೇಗುತ್ತಿದ್ದೆ ಎಂದರೆ, ನನ್ನೊಳಗೆ ಇಂಥ ಗಂಡಸು ಎಲ್ಲಿ ಕೂತಿದ್ದನೋ ಎಂದು ನನಗೇ ಆಶ್ಚರ್ಯ.

ಅಲ್ಲಿ ಶಾಲೆ ಎಲ್ಲಿ ಕಟ್ಟಬೇಕು ಎಂದು ನಾವು ನಾಲ್ವರೂ ಒಂದು ಇಡೀ ಬೇಸಿಗೆ ಜಗಳಾಡಿದ್ದೇವೆ. ಇನಾಮದಾರನ ಜಾಗ, ಏಜಂಟನ ಲಾರಿಯಲ್ಲಿ ಬರಬೇಕಾದ ಕಲ್ಲು, ನನ್ನ ಅರ್ಜಿ, ಸಂಗವ್ವನ ಬೈಗುಳ. ಕಲ್ಲು ಬಾರದಿದ್ದರೂ ಶಾಲೆ ಆಯಿತು. ಆ ಜಗಳದಲ್ಲಿ ನಾವು ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ತಡೆಯುವುದನ್ನು ಕಲಿತೆವು. ಹುಬ್ಬಳ್ಳಿ ಲೈನು ಬಿದ್ದರೆ ವಿಜಾಪುರದ ಮೇಲೆ ಸುತ್ತಿಸಿ ಕರೆ ದಾಟಿಸುವುದು ಹೇಗೆ ಎಂಬುದನ್ನೂ ಅಲ್ಲಿಯೇ ಕಲಿತದ್ದು, ಸಂಗವ್ವನ ಮೊಮ್ಮಗಳ ಹೆರಿಗೆ ನೆವದಲ್ಲಿ. ಇಲಾಖೆಯ ತರಬೇತಿಗೆ ಆಮೇಲೆ ನನ್ನನ್ನು ಕಳಿಸಿದರು. ಅಲ್ಲಿ ನಾನು ನಿದ್ದೆ ಮಾಡಿ ಬಂದೆ.

ಆದರೆ ತಂತಿಹಾಳದ ಜೀವವೆಂದರೆ ಸಂಗವ್ವನೇ. ಅವಳ ಗಂಡ ಕೃಷ್ಣಪ್ಪ ಮುಂದೆ ಗಿರಣಿ ಬಿಟ್ಟು ಊರಿಗೆ ಬಂದ. ಬಂದನೆಂದು ಸಂಗವ್ವ ಹೇಳಿದಳೇ ಹೊರತು ಅವನ ದನಿಯನ್ನು ನಾವ್ಯಾರೂ ಕೇಳಲಿಲ್ಲ. ಅವನು ಮಾತಾಡುತ್ತಿರಲಿಲ್ಲ. ಅದೇ ಅವಳ ಜನ್ಮದ ದೂರು. ಲೋಕಾಪುರದವರು ಬೇಕೆಂದೇ ಕೆಣಕುತ್ತಿದ್ದರು: "ಏನ್ ಸಂಗವ್ವ, ಇವತ್ತರೆ ನಿಮ್ಮನಿಯವರು ಮಾತಾಡಿದ್ರೇನು?"

"ಹೂಂ, ಮಾತಾಡಿದ್ರಪಾ. ಪಲ್ಯಾಕ ಉಪ್ಪ ಕಡಿಮಿ ಆಗೈತಿ ಅಂದ್ರು. ಅದನ್ನೂ ಬೆಕ್ಕಿಗೆ ಹೇಳಿದ್ರು, ನನಗಲ್ಲ."

ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳು ಮಾತ್ರ ನಗದೆ, "ನಗ್ರಿ, ನಗ್ರಿ. ಗ್ವಾಡಿ ಕೂಡ ಸಂಸಾರ ಮಾಡೀನಿ. ಗ್ವಾಡಿಗರೆ ಬೆನ್ನ ಹಚ್ಚಿ ಕುಂದ್ರಬಹುದು," ಅನ್ನುತ್ತಿದ್ದಳು.

ಬೀಳಗಿಯ ಹುಡುಗ ಒಮ್ಮೆ, ಅಗಸಿ ಮುಚ್ಚಿದ ಮೇಲೆ, ಧೈರ್ಯ ಮಾಡಿ ಕೇಳಿದ: "ಮುಧೋಳ, ನೀವು ಹೆಣ್ಣು ಯಾಕ ಆದ್ರಿ? ಗೌಡ ಆಗಬಹುದಿತ್ತಲ್ಲ?" ಮುಧೋಳ ಯೋಚಿಸಿ ಉತ್ತರಿಸಿದರು: "ಗೌಡನ ಮಾತ ಏನ ಹೇಳೂದ್ರಿ, ಎಲ್ಲಾರಿಗೂ ಗೊತ್ತ ಇರ್ತಾವ. ಹೆಣ್ಮಕ್ಕಳು ಒಳಗ ಕುಂತು ಮಾತಾಡ್ತಿರತಾರಲ್ಲ, ಅದನ್ನ ಯಾರೂ ಹೊರಗ ತಂದಿಲ್ಲ." ಅವರಿಂದ ಇಷ್ಟು ದೊಡ್ಡ ಮಾತು ಬರುತ್ತಿದ್ದುದೇ ಅಪರೂಪ. ಸಂಗವ್ವ ಆಗದಿದ್ದಾಗ ಅವರ ಮಾತೆಲ್ಲ ಊರ ಹೆಸರು, ಲೈನಿನ ಹೆಸರು, ಆಯ್ತು, ಇಲ್ಲ, ಇಷ್ಟೇ.

ತಂತಿಹಾಳಕ್ಕೆ ಕುತ್ತು ಬಂದದ್ದು ಲೋಕಾಪುರದವರ ಮರೆವಿನಿಂದ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮೇಲಿನ ಚಳಿಗಾಲ ಅದು. ಅವರ ಊರಿನ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಸೋಲಾಪುರಕ್ಕೆ ಕಾಲ್ ಬರೆಸಿ ಕಾಯುತ್ತಿದ್ದ. ಲೋಕಾಪುರದವರು ಅಗಸಿ ಹಾಕದೆ ಅವನನ್ನು ತಂತಿಗೆ ಜೋಡಿಸಿದರು. ಅವನು ಬಂದವನೇ, "ಎಷ್ಟೊತ್ತ ಕಾಯಬೇಕ್ರಿ, ನೌಕರಿ ಮಾಡಾಕತ್ತೀರೇನು ಮಕ್ಕೊಂಡೀರಿ?" ಎಂದು ಒದರಿದ. ನಮಗೆ ಅದು ಆಟದ್ದೇ ಅನ್ನಿಸಿತು, ಏಜಂಟನ ಯಾವನೋ ಹೊಸ ಗಿರಾಕಿ ಇರಬೇಕು ಎಂದುಕೊಂಡೆವು. ಸಂಗವ್ವ ಅವನನ್ನು ಹಿಡಿದುಕೊಂಡಳು. ಮುಂಜಾನೆಯಿಂದ ಯಾರ ಮೇಲಿನ ಸಿಟ್ಟು ಯಾರ ಮೇಲೆ ತೆಗೆಯುತ್ತೀ, ಹೆಂಡತಿ ಬುತ್ತಿ ಕಟ್ಟಿಲ್ಲವೇನು, ನಿಮ್ಮವ್ವ ನಿನಗೆ ಕಾಯುವುದು ಕಲಿಸಲಿಲ್ಲವೇನು. ನಾನು ಟಪಾಲ್ ಮಾಸ್ತರನಾಗಿ ನಡುವೆ ಎರಡು ಹಾಕಿದೆ. ವ್ಯಾಪಾರಿ ಮೆತ್ತಗೆ, "ಹೂಂನ್ರಿ ಯವ್ವಾ, ಇವತ್ತ ಬುತ್ತಿ ಬಂದಿಲ್ಲ," ಅಂದ. ಆಗ ನಮಗೆ ಅವನು ನಿಜವಾದ ಗಿರಾಕಿ ಎಂದು ಗೊತ್ತಾಯಿತು.

ಅವನು ದೂರು ಕೊಡಲಿಲ್ಲ. ಅದರ ಬದಲು ಇನ್ನೂ ಕೆಟ್ಟದ್ದು ಮಾಡಿದ. ವಾರಕ್ಕೊಮ್ಮೆ ಹಿಡಿಕೆ ತಿರುಗಿಸಿ, "ಆ ಮುದುಕೀನ ಒಂದೀಟ ಕೊಡ್ರಿ" ಎಂದು ಕೇಳತೊಡಗಿದ. ಸುದ್ದಿ ಮೇಲಿನವರಿಗೆ ಮುಟ್ಟಿತು. ಇನ್‌ಸ್ಪೆಕ್ಟರು ಬಂದರು. ಆ ಮುದುಕಿ ಯಾರು ಎಂದು ನಾಲ್ಕೂ ಕಡೆ ವಿಚಾರಣೆ ನಡೆಯಿತು. ಮುಧೋಳ ಒಬ್ಬರೇ ಮೈಮೇಲೆ ಹಾಕಿಕೊಂಡರು. ಮುದುಕಿ ನಾನೇ, ಹೊಸಬರಿಗೆ ಕಲಿಸುವುದಕ್ಕೆ ಮಾಡಿದೆ, ಉಳಿದವರು ಕಲಿಯುತ್ತಿದ್ದರಷ್ಟೇ ಎಂದು ಬರೆದುಕೊಟ್ಟರು. ಇನ್ನೊಮ್ಮೆ ಸಿಕ್ಕರೆ ದೂರದ ಊರಿಗೆ ಎತ್ತಿ ಹಾಕುತ್ತೇವೆ ಎಂದು ಇನ್‌ಸ್ಪೆಕ್ಟರು ಎಚ್ಚರಿಸಿ ಹೋದರು. ಅಂದಿನಿಂದ ಮಧ್ಯಾಹ್ನದ ತಂತಿ ಖಾಲಿಯಾಗಿಯೇ ಇರುತ್ತಿತ್ತು. ನನಗೆ ಒಂದು ಊರು ಬಿಟ್ಟು ಬಂದಷ್ಟೇ ಬೇಸರವಾಗಿತ್ತು, ಸುಳ್ಳು ಹೇಳಲಾರೆ.

ಆ ಚಳಿಗಾಲ ಕಳೆದು ಮಳೆಗಾಲ ಬರುವ ಹೊತ್ತಿಗೆ ನನಗೆ ಬನಹಟ್ಟಿಯಿಂದ ಒಂದು ಸಂಬಂಧ ಬಂತು. ನೇಯ್ಗೆಯ ಮನೆತನ, ಸೀರೆಯ ವ್ಯಾಪಾರ, ಮಗ್ಗಗಳಿದ್ದವು. ಹುಡುಗನೂ ಒಳ್ಳೆಯವನೇ, ಅವನ ಮೇಲೆ ನನ್ನದೇನೂ ದೂರಿಲ್ಲ. ಅವರದು ಒಂದೇ ಕರಾರು. ನೌಕರಿ ಬಿಡಬೇಕು. ದಿನವೆಲ್ಲ ಪರಗಂಡಸರ ಕೂಡ ಮಾತಾಡುವ ಕೆಲಸ ಸೊಸೆಗೆ ಬೇಡ. ಅಪ್ಪ ಒಪ್ಪಿದರು. ಅವ್ವ ನೆಲ ನೋಡಿದಳು. ನಾಗರ ಪಂಚಮಿ ಮುಗಿದ ಮೇಲೆ ಮಾತು ಪಕ್ಕಾ ಮಾಡುವುದೆಂದಾಯಿತು. ಅಷ್ಟರೊಳಗೆ ನಾನು ರಾಜೀನಾಮೆ ಬರೆದುಕೊಡಬೇಕು.

ಯಾರನ್ನು ಕೇಳುವುದು? ಗೆಳತಿಯರೆಲ್ಲ ಮದುವೆಯಾಗಿ ಹೋಗಿದ್ದರು. ಮುಧೋಳವನ್ನು ಕೇಳಬಹುದಿತ್ತು, ಆದರೆ ಅವರು ಎಷ್ಟಾದರೂ ಗಂಡಸು, ಹಿರಿಯರು, ಮುಖ ಕಾಣದವರು. ನನ್ನ ಲಗ್ನದ ಮಾತು ಅವರ ಕೂಡ ಹೇಗೆ ಆಡುವುದು? ಸಂಗವ್ವನನ್ನು ಕೇಳಬೇಕು ಅನ್ನಿಸಿತು. ಬೇರೆ ಯಾರ ಮಾತೂ ನನಗೆ ಬೇಕಿರಲಿಲ್ಲ. ಅಗಸಿ ತೆರೆಯಿರಿ ಎಂದರೆ ಅವರ ನೌಕರಿಗೆ ಕುತ್ತು ಎಂಬುದೂ ಗೊತ್ತಿತ್ತು. ಎರಡು ದಿನ ತಡೆದೆ. ಪಂಚಮಿಯ ಮರುದಿನ ಮಧ್ಯಾಹ್ನ ತಡೆಯಲಾಗಲಿಲ್ಲ.

"ಮುಧೋಳ, ಅಗಸಿ ತೆರೀತೀರೇನ್ರಿ?"

ಲೋಕಾಪುರ, ಬೀಳಗಿ ಇಬ್ಬರೂ ಕೇಳುತ್ತಿದ್ದರು. ಕೇಳುವವರು ಹೆಚ್ಚಿದ್ದರೆ ದನಿ ಕುಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ, ಅದು ನಮಗೆ ತಿಳಿಯುತ್ತದೆ. ಒಬ್ಬರಾದ ಮೇಲೆ ಒಬ್ಬರು ತಾವಾಗಿಯೇ ಸರಿದುಕೊಂಡರು. ತಂತಿ ಹಗುರಾಯಿತು.

"ತೆರೆದೈತಿ," ಅಂದರು ಮುಧೋಳ. ಅವರ ದನಿ ಅಂದು ಯಾಕೋ ಕುಂದಿತ್ತು.

ನಾನು ಟಪಾಲ್ ಮಾಸ್ತರನ ದನಿ ಮಾಡಿ ಹೇಳಿದೆ. ನಮ್ಮ ಊರಲ್ಲಿ ಒಬ್ಬ ಹುಡುಗಿ ಇದ್ದಾಳೆ, ನೌಕರಿಯಲ್ಲಿದ್ದಾಳೆ, ಬೀಗರು ಬಿಡು ಅನ್ನುತ್ತಾರೆ, ಏನು ಮಾಡಬೇಕು ಎಂದು ಕೇಳುತ್ತಾಳೆ. ಹೇಳುತ್ತಾ ಹೇಳುತ್ತಾ ದಪ್ಪ ದನಿ ಹೋಗಿ ನನ್ನದೇ ದನಿ ಉಳಿಯಿತು. ಸಂಗವ್ವ ಅಡ್ಡ ಬಾಯಿ ಹಾಕಲಿಲ್ಲ. ನಾನು ಮುಗಿಸುವ ತನಕ ಕೇಳಿದಳು. ಆಮೇಲೆ ಅವಳ ಮಾತು ಬಂತು, ನಿಂತು ನಿಂತು:

"ಪಗಾರ ನಿಂತಿತಂದ್ರ... ಒಂದು ಡಜನ್ ಬಳಿ ಬೇಕಂದ್ರೂ ಹುಡುಗಿ ಬಾಗಲದಾಗ ನಿಂತು ಯಾರದರೆ ಮಾರಿ ನೋಡಬೇಕಾಗ್ತೈತಿ. ನಾ ನೋಡೀನವಾ. ಮಾರಿ ನೋಡಿ ನೋಡಿ ನನ್ನ ಕಣ್ಣ ಸೋತಾವ. ಬಳಗಾರ ಓಣ್ಯಾಗ ಬಂದ್ರ ನಾ ಒಳಗ ಹೋಗಿ ಕುಂದರ್ತೇನಿ... ಲಗ್ನ ಮುಂದಿನ ವರ್ಷನೂ ಮಾಡಬಹುದು. ನೌಕರಿ ಆರ್ಡರ ಮುಂದಿನ ವರ್ಷ ಬರೂದಿಲ್ಲ. ಅಕಿಗೆ ಹೇಳ್ರಿ, ಬಿಡಬ್ಯಾಡ ಅಂತ."

ನಾನು ಏನೂ ಅನ್ನುವ ಮೊದಲೇ, "ಅಗಸಿ ಹಾಕೀನ್ರಿ, ಜಮಖಂಡಿ," ಎಂದು ತಂತಿ ಬಿಟ್ಟರು.

ನಾನು ನೌಕರಿ ಬಿಡಲಿಲ್ಲ. ಬನಹಟ್ಟಿಯವರು ಹೋದರು. ಅಪ್ಪ ಒಂದು ವರ್ಷ ನನ್ನ ಕೂಡ ಮಾತು ಬಿಟ್ಟಿದ್ದರು. ಕೆಲವು ವರ್ಷಗಳ ಮೇಲೆ ಹೈಸ್ಕೂಲ್ ಮಾಸ್ತರರೊಬ್ಬರನ್ನು ಮದುವೆಯಾದೆ. ನನ್ನ ಡ್ಯೂಟಿಯ ಹೊತ್ತಿಗೆ ಸೈಕಲ್ ಮೇಲೆ ಬಿಟ್ಟು ಬರುತ್ತಿದ್ದರು. ಇದರಿಂದ ನಾನು ಸುಖಪಟ್ಟೆ ಎಂದು ಊದಿ ಹೇಳುವುದಿಲ್ಲ. ಮನೆ, ಮಕ್ಕಳು, ಪಾಳಿಯ ನೌಕರಿ, ಎಲ್ಲ ಸೇರಿ ನನ್ನನ್ನು ಹಿಂಡಿ ಹಾಕಿವೆ. ಆದರೆ ಈ ದಣಿವು ನನ್ನದು. ನಾನು ಬಳೆ ಇಟ್ಟುಕೊಳ್ಳಲು ಯಾರ ಮುಖವನ್ನೂ ನೋಡಿಲ್ಲ.

ಮುಧೋಳದವರನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಸಲ, ವಿಜಾಪುರದಲ್ಲಿ ಇಲಾಖೆಯ ಯಾವುದೋ ಸಭೆಗೆ ಹೋದಾಗ. ಉದ್ದ ಮನುಷ್ಯ, ಬಿಳಿ ಟೋಪಿ, ಕೈಯಲ್ಲಿ ಮಡಚಿದ ಚೀಲ. ನಾನು ಓಡಿಹೋಗಿ, "ಮುಧೋಳ ಅಲ್ಲೇನ್ರಿ? ನಾ ಜಮಖಂಡಿ," ಅಂದೆ. ಅವರು ಕೈ ಮುಗಿದರು. "ಬಂದ್ರಿ?" ಅಂದರು. "ಬಂದೇನ್ರಿ" ಅಂದೆ. ಆಮೇಲೆ ಫ್ಯಾನು ನೋಡಿದರು, ಕಿಟಕಿ ನೋಡಿದರು, ಚೀಲ ಬಿಚ್ಚಿ ಮತ್ತೆ ಮಡಚಿದರು. ನಾನು ನನ್ನ ಲಗ್ನದ ಮಾತು, ಆ ಪಂಚಮಿಯ ಮಾತು, ಎಲ್ಲ 'ನಿಮ್ಮಿಂದ ಆಯಿತು' ಎಂಬ ಮಾತು ತುಂಬಿಕೊಂಡು ಹೋಗಿದ್ದೆ. ಅವರು ನನ್ನ ಮುಖವನ್ನೇ ನೋಡಲಿಲ್ಲ. ಜಮಖಂಡಿ ಬರುವ ತನಕ ಬಸ್ಸಿನಲ್ಲಿ ನನ್ನ ಸಿಟ್ಟು ಇಳಿಯಲಿಲ್ಲ. ಮರುದಿನ ತಂತಿಯ ಮೇಲೆ ಅವರೇ, "ಜಮಖಂಡಿ, ಸುಖಾ ಮುಟ್ಟಿದ್ರೇನ್ರಿ? ನಿನ್ನೆ ನಿಮ್ಮ ಬಸ್ಸಿನ್ಯಾಗ ಜಾಗಾ ಸಿಕ್ಕಿತ್ತೇನ್ರಿ?" ಎಂದು ನೆಂಟರ ಹಾಗೆ ವಿಚಾರಿಸಿದರು. ಎದುರು ಒಂದು ಮುಖವಿದ್ದರೆ ಅವರಿಗೆ ಮಾತು ಬರುತ್ತಿರಲಿಲ್ಲ, ಅಷ್ಟೇ. ಅದನ್ನು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಅವರು ನಿವೃತ್ತರಾದರು. ಅದರ ಹಿಂದೆಯೇ ಎಸ್‌ಟಿಡಿ ಬಂತು, ಬೋರ್ಡುಗಳನ್ನು ಬಿಚ್ಚಿ ಲಾರಿಗೆ ಹೇರಿದರು. ಜನರಿಗೆ ಸಂತೋಷ, ನನಗೂ ಕುತ್ತಿಗೆ ನೋವು ತಪ್ಪಿತು. ಊರಿಂದ ಊರಿಗೆ ನೇರ ಮಾತಾಡುವ ಕಾಲ ಬಂದ ಮೇಲೆ ಲೋಕಾಪುರ, ಬೀಳಗಿ ಯಾರಿಗೂ ಯಾರೂ ಫೋನು ಮಾಡಲಿಲ್ಲ.

ಸಾವಿನ ಸುದ್ದಿ ಬಂದ ವಾರ ರಜೆ ಹಾಕಿ ಮುಧೋಳಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಟೆಲಿಫೋನ್ ಅಜ್ಜನ ಮನೆ ಎಂದರೆ ಓಣಿಯವರು ತೋರಿಸಿದರು. ಪಡಸಾಲೆಯಲ್ಲಿ ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಸಣ್ಣ ದೇಹ, ಬೋಳು ಕೈ. ರನ್ನ ಬೆಳಗಲಿಗೆ ಕೊಟ್ಟ ಮಗಳು ಬಂದಿದ್ದಾಳೆಂದು, ಒಳಗೆ ಚಹಾ ಮಾಡುತ್ತಿದ್ದಾಳೆಂದು ಪಕ್ಕದ ಮನೆಯಾಕೆ ಹೇಳಿ ಹೋದಳು.

"ನೀ ಯಾರವಾ?"

"ಜಮಖಂಡಿ," ಅಂದೆ, ರೂಢಿಯಂತೆ.

"ಜಮಖಂಡಿಯಾಗ ಯಾರ ಪೈಕಿ?"

"ನಾನೂ ಟೆಲಿಫೋನ್ಯಾಗ ಇದ್ದೆರಿ. ದಿನಾ ಅವರ ಕೂಡ ಮಾತಾಡ್ತಿದ್ದೆ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಅವರ ಕೂಡ? ಅವರು ಮಾತಾಡ್ತಿದ್ರು?"

ನಾನು ಹೂಂ ಅಂದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಒಂದು ಮಾತು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿ, ಪಕ್ಕದ ಮನೆಯಾಕೆ ಕಾಲು ಎಳೆಯುತ್ತಾ ನಡೆಯುವುದರ ಕಡೆ ಹೊರಳಿ, ಉಸಿರೆಳೆದುಕೊಂಡು ಬಿಟ್ಟ ಮಾತಿಗೇ ಬಂದರು. ಈ ನಡಿಗೆಯನ್ನು ನಾನು ಕೇಳಿದ್ದೆ. ಸಣ್ಣ ದನಿ, ಹೆಣ್ಣು ದನಿ, ಆದರೆ ನನ್ನ ಎದುರು ಕೂತು ಮಾತಾಡುತ್ತಿದ್ದವಳು ತಂತಿಹಾಳದ ಸಂಗವ್ವ.

"ಇಷ್ಟ ವರ್ಷ ಬಾಳೇ ಮಾಡಿದೆ," ಅನ್ನುತ್ತಿದ್ದರು ಅವರು, "ನಾ ಹೇಳಿದ್ದು ಒಂದರೆ ಅವರ ಕಿವಿಗೆ ಹೋತಂತ ನನಗ ಅನಸಲಿಲ್ಲವಾ. ಉಂಡ್ರು, ಡ್ಯೂಟಿಗೆ ಹೋದ್ರು. ಒಳಗ ಅದಾಳಲ್ಲ, ಅಕಿ ಟ್ರೇನಿಂಗ್ ಮುಗಿಸಿ ಸಾಲಿಗೆ ಮಾಸ್ತರಕಿ ಆರ್ಡರ ಬಂದಿತ್ತು. ಬೀಗರು ಮಾಸ್ತರಕಿ ಬ್ಯಾಡಂದ್ರು. ಇವರು ಹೂಂ ಅಂದು ಬಂದ್ರು. ನಾ ಒಲಿ ಮುಂದ ಕುಂತು ಬಡಕೊಂಡೆ. ಏನ್ರಿ, ಪಗಾರ ಇಲ್ಲಂದ್ರ ಒಂದು ಡಜನ್ ಬಳಿ ಬೇಕಂದ್ರೂ ಹುಡುಗಿ..."

"...ಬಾಗಲದಾಗ ನಿಂತು ಯಾರದರೆ ಮಾರಿ ನೋಡಬೇಕಾಗ್ತೈತಿ," ಅಂದೆ ನಾನು. ನನಗೆ ತಿಳಿಯದೆಯೇ ಬಾಯಿಂದ ಬಂತು.

"ನಿನಗ ಯಾರ ಹೇಳಿದ್ರು?"

ಆಗ ನಾನು ಎಲ್ಲ ಹೇಳಿದೆ. ಅಗಸಿ, ಇನಾಮದಾರ, ಬಾರದ ಲಾರಿ, ಕೃಷ್ಣಪ್ಪ, ವ್ಯಾಪಾರಿಯ ಬುತ್ತಿ. ಸಂಗವ್ವ ಹೇಗೆ ಮಾತಾಡುತ್ತಿದ್ದಳು ಎಂದು ತೋರಿಸಲು ಹೋದೆ, ಆಗಲಿಲ್ಲ, ಅತ್ತುಬಿಟ್ಟೆ. ಅವರು ಅಲುಗಾಡದೆ ಕೇಳಿದರು. ಬೆಕ್ಕಿನ ಮಾತಿಗೆ ಬಂದಾಗ ಅವರ ಮುಖದ ಮೇಲೆ ನಗು ಬಂತು. "ಅದನ್ನೂ ಹೇಳ್ಯಾರ? ಖರೇ, ಬೆಕ್ಕಿಗೇ ಹೇಳಿದ್ರು. ಕರಿ ಬೆಕ್ಕ ಇತ್ತು." ಸ್ವಲ್ಪ ಹೊತ್ತು ನಗುತ್ತಲೇ ಇದ್ದರು. ಆಮೇಲೆ ಆ ನಗು ಅಳುವಾಯಿತು. ಅಳುವಾದ ಮೇಲೂ ಅವರ ಮುಖದಲ್ಲಿ ಒಂದು ಬಗೆಯ ಬಿಡುಗಡೆ ಇತ್ತು. "ಹಂಗಾದ್ರ ಕೇಳಿಸಿಕೊಂಡಿದ್ರು," ಅಂದರು. "ಎಲ್ಲಾ ಕೇಳಿಸಿಕೊಂಡಿದ್ರು."

ಅಷ್ಟರಲ್ಲಿ ಮಗಳು ಚಹಾ ತಂದಳು. ನನ್ನ ವಾರಗೆಯವಳೇ. ಬಾಗಿಲ ಸಂದಿನಲ್ಲಿ ನಿಂತು ಅರ್ಧ ಕೇಳಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ತಾಯಿ ಅವಳ ಕೈ ಹಿಡಿದು ಕೂರಿಸಿಕೊಂಡು, "ಕೇಳ ಇಲ್ಲಿ. ನಿನ್ನ ಸಂಬಂಧ ನಾ ಬಡಕೊಂಡದ್ದು ನಿಮ್ಮಪ್ಪ ಕೇಳಿಸಿಕೊಂಡಿದ್ರಂತ. ಇಕಿಗೆ ಹೇಳ್ಯಾರ. ಇಕಿ ನೌಕರಿ ಬಿಡಲಿಲ್ಲಂತ," ಅಂದರು.

ಮಗಳು ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಏನೋ ಒಂದು ಆಸೆ ಇತ್ತು.

"ಯಾವಾಗ ಹೇಳಿದ್ರಿ ನಿಮಗ?"

ನಾನು ಯೋಚಿಸದೆ ಹೇಳಿಬಿಟ್ಟೆ. "ಕರ್ನಾಟಕ ಅಂತ ಹೆಸರಾತಲ್ಲ, ಅದರ ಮುಂದಿನ ಪಂಚಮಿ. ಪಂಚಮಿ ಮರುದಿನ."

ಅವಳು ಚಹಾದ ಬಟ್ಟಲನ್ನು ನನ್ನ ಮುಂದೆ ಇಟ್ಟಳು. ನೆಲದ ಮೇಲೆ ಚೆಲ್ಲಿದ ಒಂದು ಹನಿಯನ್ನು ಸೆರಗಿನಿಂದ ಒರೆಸಿದಳು.

"ಆ ವರ್ಷ ವೈಶಾಖದಾಗ ನನ್ನ ಲಗ್ನ ಆಗಿ ಹೋಗಿತ್ರಿ, ಆರ್ಡರೂ ಹೋಗಿತ್ತು," ಅಂದಳು. "ಅದು ನನ್ನ ಮೊದಲನೇ ಪಂಚಮಿ. ತವರಿಗೆ ಬಂದಿದ್ದೆ, ಇಲ್ಲೇ ಇದ್ದೆ. ಆವತ್ತ ಅಪ್ಪ ಡ್ಯೂಟಿಗೆ ಹೋಗೂಮುಂದ ಬುತ್ತಿ ನಾನ ಕಟ್ಟಿ ಕೊಟ್ಟೆ. ಬಾಗಲದಾಗ ನಿಂತು ತಗೊಂಡ್ರು. ನನಗ ಏನೂ ಹೇಳಲಿಲ್ಲ."